ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದ ಫ್ಯಾರಡೆ, ಮತ್ತು ನಮ್ಮ ಅಪ್ರೆಂಟಿಸ್ ಹುಡುಗರು

ಕಾಸ್ಟಿಕ್ ಸೋಡಾ ತಯಾರಿಸುವ ಯಾವ ಕಾರ್ಖಾನೆಗೆ ಹೋದರೂ ಮೂಲ ಕೆಲಸ ಒಂದೇ. ನಮ್ಮ ಕಾರವಾರದ ಪಕ್ಕದ ಬಿಣಗಾದಲ್ಲೂ ಅಂಥದ್ದೊಂದು ಕಾರ್ಖಾನೆ ಇದೆ. ಉಪ್ಪುನೀರಿಗೆ ವಿದ್ಯುತ್ ಹಾಯಿಸ್ತಾರೆ. ಒಂದು ಕಡೆ ಕಾಸ್ಟಿಕ್ ಸೋಡಾ ಸಿಗುತ್ತೆ, ಇನ್ನೊಂದು ಕಡೆ ಕ್ಲೋರಿನ್ ಅನಿಲ. ಆ ಅನಿಲವನ್ನು ಒಣಗಿಸಿ, ಒತ್ತಿ, ತಣಿಸಿ ದ್ರವ ಮಾಡಿ ದೊಡ್ಡ ಸಿಲಿಂಡರುಗಳಿಗೆ ತುಂಬುತ್ತಾರೆ. ಇಂಥ ಪ್ಲಾಂಟುಗಳಲ್ಲಿ ವಾಲ್ವ್ ತಿರುಗಿಸುವುದು, ಮೀಟರ್ ಓದಿ ಲಾಗ್‌ಬುಕ್ ಬರೆಯುವುದು, ಸ್ಯಾಂಪಲ್ ತೆಗೆದು ಲ್ಯಾಬಿಗೆ ಒಯ್ಯುವುದು, ಇವನ್ನೆಲ್ಲ ಹೆಚ್ಚಾಗಿ ಕಲಿಯುವವರು ಯಾರು? ಐಟಿಐಯಲ್ಲಿ ಕೆಮಿಕಲ್ ಪ್ಲಾಂಟ್ ಆಪರೇಟರ್ ಟ್ರೇಡ್ ಮುಗಿಸಿದವರು, ಡಿಪ್ಲೊಮಾ ಮಾಡಿದವರು. ಇಪ್ಪತ್ತು, ಇಪ್ಪತ್ತೊಂದು ವಯಸ್ಸಿನ ಹುಡುಗ ಹುಡುಗಿಯರು. ಹೆಸರಿಗೆ ಅಪ್ರೆಂಟಿಸ್. ಕೈಗೆ ಬರೋದು ಸಂಬಳ ಅಲ್ಲ, ಸ್ಟೈಪೆಂಡ್.

ಕ್ಲೋರಿನ್ ಅನ್ನೋ ಅನಿಲವನ್ನು ದ್ರವ ಮಾಡಬಹುದು ಅಂತ 1823ರಲ್ಲಿ ಲೋಕಕ್ಕೆ ಖಚಿತವಾಗಿ ತೋರಿಸಿದವನು ಒಬ್ಬ ಲ್ಯಾಬ್ ಅಸಿಸ್ಟೆಂಟ್. ಎಷ್ಟು ವಿದ್ಯುತ್ ಹಾಯಿಸಿದರೆ ಎಷ್ಟು ವಸ್ತು ಬೇರ್ಪಡುತ್ತದೆ ಎಂಬ ನಿಯಮವನ್ನು ಹತ್ತು ವರ್ಷದ ನಂತರ ಕಂಡುಹಿಡಿದವನೂ ಅವನೇ. ಪ್ಲಾಂಟಿನಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ಆನೋಡ್, ಕ್ಯಾಥೋಡ್ ಎಂಬ ಪದಗಳನ್ನು ಬಳಕೆಗೆ ತಂದವನೂ ಅವನೇ. ಹೆಸರು ಮೈಕೆಲ್ ಫ್ಯಾರಡೆ. ವಿದ್ಯಾರ್ಥಿಯಾಗಿ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ.

ನಮ್ಮ ಪಠ್ಯಪುಸ್ತಕಗಳಲ್ಲಿ ಅವನ ಕಥೆ ಮೂರು ಸಾಲಿನಲ್ಲಿ ಮುಗಿದುಹೋಗುತ್ತೆ. ಬಡ ಹುಡುಗ, ಕಷ್ಟಪಟ್ಟು ಓದಿದ, ಮಹಾ ವಿಜ್ಞಾನಿಯಾದ. ಕೇಳೋಕೆ ಚೆನ್ನಾಗಿದೆ. ಆದರೆ ಇದರೊಳಗೆ ಒಂದು ಮೋಸವೂ ಇದೆ. ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು, ಬರದಿದ್ದರೆ ತಪ್ಪು ನಿನ್ನದೇ ಅಂತ ಸುಮ್ಮನೆ ಹೇಳಿಬಿಡುತ್ತೆ. ನಿಜವಾದ ಕಥೆ ಹಾಗಿಲ್ಲ. ಫ್ಯಾರಡೆ ತಾನಾಗಿ ಹುಟ್ಟಿಕೊಂಡ ಪ್ರತಿಭೆ ಅಲ್ಲ, ತರಬೇತಿ ಪಡೆದ ಕೆಲಸಗಾರ. ಆ ತರಬೇತಿಗೆ ಯಾರ್ಯಾರು ಬಾಗಿಲು ತೆರೆದರು, ಅವನು ಏನೇನು ತೆತ್ತ ಅನ್ನೋದನ್ನು ನೋಡಬೇಕು.

ಪುಸ್ತಕದಂಗಡಿಯ ಏಳು ವರ್ಷ

1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂಯಿಂಗ್‌ಟನ್‌ನಲ್ಲಿ ಮೈಕೆಲ್ ಹುಟ್ಟಿದ. ಅಪ್ಪ ಜೇಮ್ಸ್ ಕಮ್ಮಾರ, ಕೆಲಸ ಹುಡುಕಿಕೊಂಡು ಉತ್ತರ ಇಂಗ್ಲೆಂಡಿನ ಹಳ್ಳಿಯಿಂದ ವಲಸೆ ಬಂದವನು. ಬಂದ ಮೇಲೆ ಆರೋಗ್ಯ ಕೈಕೊಟ್ಟಿತು, ಕುಲುಮೆ ಮುಂದೆ ಇಡೀ ದಿನ ನಿಲ್ಲೋಕೆ ಆಗ್ತಿರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಹುಡುಗನ ಪಾಲಿಗೆ ವಾರಕ್ಕೊಂದು ಬ್ರೆಡ್ಡು, ಅದರಲ್ಲೇ ಏಳು ದಿನ ನೂಕಬೇಕಿತ್ತು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಒಂಚೂರು ಲೆಕ್ಕ. ಅಷ್ಟೇ.

ಹದಿಮೂರನೇ ವಯಸ್ಸಿಗೆ ಅವನು ಬ್ಲ್ಯಾಂಡ್‌ಫರ್ಡ್ ಬೀದಿಯ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಹತ್ತಿರ ಪತ್ರಿಕೆ ಹಂಚುವ ಹುಡುಗನಾಗಿ ಸೇರಿದ. ಮರುವರ್ಷ, 1805ರಲ್ಲಿ, ಅಲ್ಲೇ ಬುಕ್ ಬೈಂಡಿಂಗ್ ಕಲಿಯಲು ಏಳು ವರ್ಷದ ಅಪ್ರೆಂಟಿಸ್ ಕರಾರು ಆಯಿತು. ಆ ಕಾಲದಲ್ಲಿ ಕಸುಬು ಕಲಿಯಬೇಕಾದರೆ ಸಾಮಾನ್ಯವಾಗಿ ಹುಡುಗನ ಮನೆಯವರೇ ಯಜಮಾನನಿಗೆ ದುಡ್ಡು ಕೊಡಬೇಕಿತ್ತು. ರೀಬೋ ಆ ದುಡ್ಡು ಬಿಟ್ಟುಕೊಟ್ಟ. ಹುಡುಗ ಒಂದು ವರ್ಷ ನಿಯತ್ತಾಗಿ ದುಡಿದದ್ದೇ ಸಾಕು ಅಂತ ಕರಾರಿನಲ್ಲೇ ಬರೆಸಿದ. ಆ ಶುಲ್ಕ ಕೇಳಿದ್ದರೆ ಕಮ್ಮಾರನ ಮಗ ಎಲ್ಲಿಂದ ತರಬೇಕಿತ್ತು?

ಈ ಯಜಮಾನ ಇನ್ನೂ ಒಂದು ಉಪಕಾರ ಮಾಡಿದ. ಹೊಲಿಯೋಕೆ ಬಂದ ಪುಸ್ತಕಗಳನ್ನು ಹುಡುಗ ಓದಿದರೆ ಬೈಯಲಿಲ್ಲ. ಬೈಂಡಿಂಗಿಗೆ ಬಂದ ಬ್ರಿಟಾನಿಕಾ ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನವನ್ನು ಮೈಕೆಲ್ ಓದಿದ. ಜೇನ್ ಮಾರ್ಸೆಟ್ ಎಂಬ ಮಹಿಳೆ ರಸಾಯನಶಾಸ್ತ್ರದ ಬಗ್ಗೆ ಸಂಭಾಷಣೆ ರೂಪದಲ್ಲಿ ಬರೆದ ಪುಸ್ತಕವನ್ನೂ ಓದಿದ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲೇ ಇಲ್ಲದ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಬರೆದ ಪುಸ್ತಕ, ಕಾಲೇಜು ಕಾಣದ ಹುಡುಗನಿಗೆ ಕೆಮಿಸ್ಟ್ರಿ ಕಲಿಸಿತು. ಜೀವನದ ಕೊನೆಯವರೆಗೂ ಅವನು ಆಕೆಯನ್ನು ತನ್ನ ಮೊದಲ ಗುರು ಎಂದೇ ನೆನೆಯುತ್ತಿದ್ದ. ಓದಿದ್ದನ್ನು ಅಂಗಡಿಯ ಹಿಂದೆ, ಕೈಗೆ ಸಿಕ್ಕ ಸಾಮಾನಿನಲ್ಲೇ ಪರೀಕ್ಷೆ ಮಾಡಿ ನೋಡುತ್ತಿದ್ದ. ಏಳು ಅರ್ಧ ಪೆನ್ನಿ ತಾಮ್ರದ ನಾಣ್ಯ, ಅದೇ ಅಳತೆಗೆ ಕತ್ತರಿಸಿದ ಏಳು ಸತುವಿನ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ಅದ್ದಿದ ಕಾಗದ. ಇದು ಅವನ ಮೊದಲ ಬ್ಯಾಟರಿ.

ಊರಲ್ಲಿ ಜಾನ್ ಟೇಟಮ್ ಎಂಬವರ ಮನೆಯಲ್ಲಿ ಸಂಜೆ ವಿಜ್ಞಾನದ ಉಪನ್ಯಾಸ ನಡೆಯುತ್ತಿತ್ತು. ಪ್ರವೇಶ ಒಂದು ಶಿಲ್ಲಿಂಗ್. ಆ ದುಡ್ಡು ಕೊಟ್ಟವನು ಅಣ್ಣ ರಾಬರ್ಟ್, ಅವನೂ ಕಮ್ಮಾರನೇ. ಅಲ್ಲಿ ಸೇರುತ್ತಿದ್ದವರು ತಮ್ಮತಮ್ಮಲ್ಲೇ ಸಂಘ ಕಟ್ಟಿಕೊಂಡು ಉಪನ್ಯಾಸ ಕೊಡುವುದನ್ನೂ, ಚರ್ಚೆ ಮಾಡುವುದನ್ನೂ ಕಲಿತರು. ಚಿತ್ರ ಬರೆಯೋದು ಕಲಿಸಿದವನು ರೀಬೋ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ಕೆರಿಯೇ ಎಂಬ ಫ್ರೆಂಚ್ ಕಲಾವಿದ. ಅದಕ್ಕೆ ಗುರುದಕ್ಷಿಣೆ ಏನು ಗೊತ್ತಾ? ಅವನ ಕೋಣೆ ಗುಡಿಸೋದು, ಬೂಟು ಪಾಲಿಶ್ ಮಾಡೋದು.

ಯಜಮಾನ, ಲೇಖಕಿ, ಅಣ್ಣ, ನಿರಾಶ್ರಿತ ಕಲಾವಿದ. ಇಷ್ಟು ಜನರ ಕೈ ಇರದಿದ್ದರೆ ಆ ಮೂರು ಸಾಲಿನ ಕಥೆ ಮೊದಲ ಸಾಲಿಗೇ ನಿಂತುಹೋಗುತ್ತಿತ್ತು.

ಕೆಲಸ ಖಾಲಿಯಾದದ್ದು ಒಂದು ಜಗಳದಿಂದ

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಹಂಫ್ರಿ ಡೇವಿ ಕೊಡುತ್ತಿದ್ದ ಉಪನ್ಯಾಸಗಳ ಟಿಕೆಟ್ ಕೊಟ್ಟರು. ಡೇವಿ ಆಗ ಬ್ರಿಟನ್ನಿನ ಅತಿ ದೊಡ್ಡ ರಸಾಯನ ವಿಜ್ಞಾನಿ, ಅದೇ ವರ್ಷ ಸರ್ ಪದವಿ ಸಿಕ್ಕಿತ್ತು, ಶ್ರೀಮಂತ ವಿಧವೆಯನ್ನು ಮದುವೆಯಾಗಿದ್ದ. ಅವನೂ ಮರಗೆತ್ತನೆಯವನ ಮಗ, ಔಷಧಿ ಮಾಡುವ ವೈದ್ಯನೊಬ್ಬನ ಬಳಿ ಅಪ್ರೆಂಟಿಸ್ ಆಗಿದ್ದವನು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಮೈಕೆಲ್ ನಾಲ್ಕು ಉಪನ್ಯಾಸ ಕೇಳಿದ, ನೋಟ್ಸ್ ಬರೆದ, ಚಿತ್ರ ಬಿಡಿಸಿದ, ತಾನೇ ಬೈಂಡ್ ಮಾಡಿದ. ಏಳು ವರ್ಷದ ಕರಾರು ಮುಗಿಯುತ್ತಾ ಬಂದಿತ್ತು. ವಿಜ್ಞಾನದ ಯಾವ ಸಣ್ಣ ಕೆಲಸವಾದರೂ ಸರಿ ಎಂದು ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್‌ಗೆ ಕಾಗದ ಬರೆದ. ಉತ್ತರ ಕೇಳೋಕೆ ಹೋದರೆ, ಆ ಕಾಗದಕ್ಕೆ ಉತ್ತರದ ಅಗತ್ಯವಿಲ್ಲವೆಂದು ಬಾಗಿಲಲ್ಲೇ ತಿಳಿಸಿ ಕಳುಹಿಸಿದರು. ಅರ್ಜಿ ಹಾಕಿ ಕಾದವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ.

ಅಷ್ಟರಲ್ಲಿ ಡೇವಿಯ ಪ್ರಯೋಗವೊಂದು ಸಿಡಿದು ಕಣ್ಣಿಗೆ ಪೆಟ್ಟಾಯಿತು. ಬರೆದುಕೊಳ್ಳಲು ಕೆಲವು ದಿನಕ್ಕೆ ಒಬ್ಬ ಬೇಕಾಗಿದ್ದ, ಮೈಕೆಲ್‌ಗೆ ಆ ಕೆಲಸ ಸಿಕ್ಕಿತು. ಆಮೇಲೆ ತನ್ನ ಬೈಂಡ್ ಮಾಡಿದ ನೋಟ್ಸನ್ನು ಡೇವಿಗೆ ಕಳಿಸಿದ. ಡೇವಿ ಮೆಚ್ಚಿದ, ಆದರೆ ಬೈಂಡಿಂಗ್ ಕೆಲಸ ಬಿಡಬೇಡ ಅಂತಲೇ ಬುದ್ಧಿ ಹೇಳಿದ. 1813ರ ಫೆಬ್ರವರಿಯಲ್ಲಿ ರಾಯಲ್ ಇನ್‌ಸ್ಟಿಟ್ಯೂಶನ್ನಿನ ಲ್ಯಾಬ್ ಅಸಿಸ್ಟೆಂಟ್ ಉಪಕರಣ ತಯಾರಕನೊಬ್ಬನ ಜೊತೆ ಹೊಡೆದಾಡಿ ಕೆಲಸ ಕಳೆದುಕೊಂಡ. ಜಾಗ ಖಾಲಿ ಆಯ್ತು. ಮಾರ್ಚ್ 1ಕ್ಕೆ ಮೈಕೆಲ್ ನೇಮಕವಾದ. ವಾರಕ್ಕೆ 25 ಶಿಲ್ಲಿಂಗ್, ಮಾಳಿಗೆಯಲ್ಲಿ ಎರಡು ಕೋಣೆ, ಉರಿಸಲು ಕಲ್ಲಿದ್ದಲು ಮತ್ತು ಮೇಣದಬತ್ತಿ. ಕೆಲಸ: ಉಪನ್ಯಾಸಕ್ಕೆ ಸಾಮಾನು ಜೋಡಿಸುವುದು, ಮುಗಿದ ಮೇಲೆ ತೊಳೆದಿಡುವುದು, ಧೂಳು ಹೊಡೆಯುವುದು, ಮುರಿದದ್ದನ್ನು ರಿಪೇರಿ ಮಾಡಿಸುವುದು.

ಕೈಯಲ್ಲೇ ಸಿಡಿದ ಪಾಠ

ಮೊದಲ ವಾರಗಳಲ್ಲಿ ಅವನು ಮಾಡಿದ ಕೆಲಸಗಳನ್ನು ನೋಡಿದರೆ ಇಂದಿನ ಯಾವ ಕೆಮಿಕಲ್ ಟ್ರೈನಿಗೂ ಪರಿಚಯ ಅನ್ನಿಸುತ್ತೆ. ಬೀಟ್‌ರೂಟಿನಿಂದ ಸಕ್ಕರೆ ತೆಗೆಯುವುದು. ಗಂಧಕ ಮತ್ತು ಇಂಗಾಲ ಸೇರಿಸಿ ಕಾರ್ಬನ್ ಡೈಸಲ್ಫೈಡ್ ಮಾಡುವುದು, ಅದರ ವಾಸನೆ ಸಹಿಸಿಕೊಂಡು ನಿಲ್ಲುವುದು. ಆಮೇಲೆ ಬಂತು ನೈಟ್ರೊಜನ್ ಟ್ರೈಕ್ಲೋರೈಡ್, ಡೇವಿಯ ಕಣ್ಣಿಗೆ ಪೆಟ್ಟು ಕೊಟ್ಟ ಅದೇ ವಸ್ತು. ಎಣ್ಣೆಯಂತಿರುತ್ತೆ, ಸ್ವಲ್ಪ ಬಿಸಿ ತಾಗಿದರೂ ಸಿಡಿಯುತ್ತೆ. ಇಬ್ಬರೂ ಗಾಜಿನ ಮುಖವಾಡ ಹಾಕಿಕೊಂಡು ಕೆಲಸ ಮಾಡಿದರು. ಆದರೂ ಒಂದು ಸಲ ಮೈಕೆಲ್ ಬೆರಳುಗಳ ನಡುವೆ ಹಿಡಿದಿದ್ದ ಕೊಳವೆಯೇ ಸಿಡಿದು ಕೈ ಸೀಳಿತು, ಉಗುರಿನ ಒಂದು ಭಾಗ ಹಾರಿಹೋಯಿತು. ಮುಖವಾಡದ ಗಾಜಿನಲ್ಲೂ ಗೀರು ಬಿತ್ತು. ಕೆಲಸಕ್ಕೆ ಸೇರಿ ಒಂದೂವರೆ ತಿಂಗಳೂ ಆಗಿರಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಡೇವಿ ಯುರೋಪ್ ಪ್ರವಾಸಕ್ಕೆ ಹೊರಟ. ಫ್ರಾನ್ಸ್ ಜೊತೆ ಯುದ್ಧ ನಡೀತಿದ್ದರೂ ವಿಜ್ಞಾನಿಗೆ ವಿಶೇಷ ರಹದಾರಿ ಸಿಕ್ಕಿತ್ತು. ಕೊನೇ ಗಳಿಗೆಯಲ್ಲಿ ಡೇವಿಯ ಖಾಸಗಿ ಸೇವಕ ಬರಲ್ಲ ಅಂದ. ಮೈಕೆಲ್ ಸ್ವಲ್ಪ ದಿನ ಆ ಕೆಲಸವನ್ನೂ ನೋಡಿಕೊಳ್ಳಲಿ, ಪ್ಯಾರಿಸ್ಸಿನಲ್ಲಿ ಬೇರೆಯವನನ್ನು ಹುಡುಕೋಣ ಅಂತ ಮಾತಾಯಿತು. ಬೇರೆಯವನು ಸಿಗಲೇ ಇಲ್ಲ. ಒಂದೂವರೆ ವರ್ಷ ಅವನು ವೈಜ್ಞಾನಿಕ ಸಹಾಯಕನೂ ಹೌದು, ಬಟ್ಟೆಬರೆ ನೋಡಿಕೊಳ್ಳುವ ಆಳೂ ಹೌದು. ಡೇವಿಯ ಹೆಂಡತಿ ಅವನನ್ನು ಆಳುಗಳ ಜೊತೆಗೇ ಊಟಕ್ಕೆ ಕೂರಿಸುತ್ತಿದ್ದಳು. ಅವಮಾನ ತಡೆಯಲಾರದೆ ಊರಿಗೆ ವಾಪಸ್ ಹೋಗಿಬಿಡಲೇ ಅನ್ನುವಷ್ಟು ಬೇಜಾರಾಗಿತ್ತು.

ಅದೇ ಒಂದೂವರೆ ವರ್ಷದಲ್ಲಿ ಅವನು ಕಲಿತದ್ದನ್ನೂ ಲೆಕ್ಕ ಹಾಕಬೇಕು. ಪ್ಯಾರಿಸ್ಸಿನಲ್ಲಿ ಅಯೊಡಿನ್ ಎಂಬ ಹೊಸ ಮೂಲವಸ್ತುವಿನ ಪರೀಕ್ಷೆ ನಡೆದಾಗ ಪಕ್ಕದಲ್ಲಿದ್ದ. ಫ್ಲಾರೆನ್ಸಿನಲ್ಲಿ ದೊಡ್ಡ ಮಸೂರದಿಂದ ಬಿಸಿಲು ಕೂಡಿಸಿ ವಜ್ರವನ್ನೇ ಸುಟ್ಟು, ಅದು ಬರೀ ಇಂಗಾಲ ಅಂತ ತೋರಿಸಿದಾಗ ಸಹಾಯಕ್ಕೆ ನಿಂತಿದ್ದ. ಆಂಪಿಯರ್ ಮತ್ತು ವೋಲ್ಟಾರನ್ನು ಕಣ್ಣಾರೆ ಕಂಡ. ಫ್ರೆಂಚ್, ಇಟಾಲಿಯನ್ ಕಲಿತ. ಇದೇ ಅವನ ವಿಶ್ವವಿದ್ಯಾಲಯ. ಕಲಿಸಿದವನೂ ಡೇವಿ, ಆಳಾಗಿ ದುಡಿಸಿಕೊಂಡವನೂ ಡೇವಿ. ಅಪ್ರೆಂಟಿಸ್‌ಗಿರಿಯ ಇಕ್ಕಟ್ಟು ಇರೋದೇ ಇಲ್ಲಿ. ಕಲಿಸ್ತೀವಿ ಅನ್ನೋ ಹೆಸರಲ್ಲಿ ದುಡಿಸಿಕೊಳ್ಳಬಹುದು, ದುಡಿಸಿಕೊಳ್ತಾನೇ ಕಲಿಸಲೂಬಹುದು. ಎರಡರ ನಡುವಿನ ಗೆರೆಯನ್ನು ಎಳೆಯುವವನು ಯಜಮಾನ, ಕಲಿಯುವವನಲ್ಲ.

ಶಿಷ್ಯ ಬೆಳೆದಾಗ

1815ರಲ್ಲಿ ಲಂಡನ್ನಿಗೆ ಮರಳಿದ ಮೇಲೆ ಸಂಬಳ ವಾರಕ್ಕೆ 30 ಶಿಲ್ಲಿಂಗ್ ಆಯಿತು. ಆ ವರ್ಷ ಡೇವಿ ಗಣಿ ಕಾರ್ಮಿಕರಿಗಾಗಿ ಸುರಕ್ಷಾ ದೀಪ ರೂಪಿಸಿದಾಗ ಪ್ರಯೋಗಗಳಲ್ಲಿ ನೆರವಾದವನು ಫ್ಯಾರಡೆ. ಮರುವರ್ಷ ಅವನ ಮೊದಲ ಪ್ರಬಂಧ ಬಂತು, ಸುಣ್ಣದ ವಿಶ್ಲೇಷಣೆ.

1823ರಲ್ಲಿ ಡೇವಿಯ ಸಲಹೆಯಂತೆ ಕ್ಲೋರಿನ್ ಮತ್ತು ನೀರಿನ ಹರಳುಗಳನ್ನು ಬಿಗಿಯಾಗಿ ಮುಚ್ಚಿದ ಗಾಜಿನ ಕೊಳವೆಯಲ್ಲಿಟ್ಟು ಬಿಸಿ ಮಾಡಿದ. ಒಳಗೆ ಎಣ್ಣೆಯಂಥ ಹನಿಗಳು ಕಂಡವು. ಲ್ಯಾಬಿಗೆ ಬಂದ ಡೇವಿಯ ಸ್ನೇಹಿತನೊಬ್ಬ, ಕೊಳವೆ ಸರಿಯಾಗಿ ತೊಳೆದಿಲ್ಲ ಅಂತ ತಮಾಷೆ ಮಾಡಿ ಹೋದ. ಮಾರನೇ ದಿನ ಬೆಳಗ್ಗೆ ಅವನಿಗೆ ಫ್ಯಾರಡೆಯ ಚೀಟಿ ತಲುಪಿತು: ಆ ಎಣ್ಣೆ ಬೇರೇನಲ್ಲ, ದ್ರವ ಕ್ಲೋರಿನ್. ಈ ಸರಣಿಯ ಒಂದು ಪ್ರಯೋಗದಲ್ಲಿ ಕೊಳವೆ ಸಿಡಿದು ಅವನ ಕಣ್ಣಿಗೆ ಹದಿಮೂರು ಗಾಜಿನ ಚೂರು ಹೊಕ್ಕವು. ಪುಣ್ಯಕ್ಕೆ ದೃಷ್ಟಿ ಉಳಿಯಿತು. ಪ್ರಬಂಧ ಅಚ್ಚಾದಾಗ, ಮೂಲ ಸಲಹೆ ತನ್ನದು ಅಂತ ಡೇವಿ ಅದಕ್ಕೊಂದು ಟಿಪ್ಪಣಿ ಸೇರಿಸಿದ. ಫ್ಯಾರಡೆಯ ಹೆಸರು ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಬಂದಾಗ ಅಧ್ಯಕ್ಷ ಸ್ಥಾನದಲ್ಲಿದ್ದವನು ಇದೇ ಡೇವಿ. ಅವನು ವಿರೋಧಿಸಿದ. ಅಪ್ರೆಂಟಿಸ್ ಆಗಿ ಬಂದು ಸರ್ ಆದವನಿಗೆ ತನ್ನ ಸಹಾಯಕ ತನ್ನ ಪಕ್ಕದ ಕುರ್ಚಿಯಲ್ಲಿ ಕೂರುವುದು ಸಹಿಸಲಿಲ್ಲ. 1824ರ ಜನವರಿಯಲ್ಲಿ ಮತದಾನ ನಡೆದಾಗ ವಿರುದ್ಧ ಬಿದ್ದದ್ದು ಒಂದೇ ಮತ. ಫ್ಯಾರಡೆ ಗೆದ್ದ. ಡೇವಿಯ ಬಗ್ಗೆ ಅವನು ಬಹಿರಂಗವಾಗಿ ಕೆಟ್ಟ ಮಾತಾಡಿದವನಲ್ಲ.

1825ರಲ್ಲಿ ಗ್ಯಾಸ್ ಕಂಪನಿಯೊಂದರ ಸಿಲಿಂಡರುಗಳ ತಳದಲ್ಲಿ ಉಳಿಯುತ್ತಿದ್ದ ದ್ರವವನ್ನು ಬಟ್ಟಿ ಇಳಿಸಿ, ತಣಿಸಿ, ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ. ಇವತ್ತು ನಾವು ಬೆನ್ಜೀನ್ ಅನ್ನೋದು ಅದನ್ನೇ. ಮುಂದೆ ಬಣ್ಣ, ಔಷಧಿ, ಪ್ಲಾಸ್ಟಿಕ್ ಉದ್ಯಮಗಳು ಇದರ ಮೇಲೇ ಬೆಳೆದವು. ಅದೇ ವರ್ಷ ಅವನು ಪ್ರಯೋಗಾಲಯದ ನಿರ್ದೇಶಕನಾದ.

ತಾನು ಕಲಿತದ್ದನ್ನು ಬರೆದಿಟ್ಟ

ಫ್ಯಾರಡೆ ಅಂದರೆ ಎಲ್ಲರೂ ನೆನೆಯೋದು 1831ರ ಆವಿಷ್ಕಾರವನ್ನು. ಕಾಂತದಿಂದ ವಿದ್ಯುತ್ ಹುಟ್ಟಿಸಿದ್ದು, ಇವತ್ತಿನ ಜನರೇಟರುಗಳ ಮೂಲ. ಆದರೆ ಅದಕ್ಕೂ ಮುಂಚೆ, 1827ರಲ್ಲಿ, ಅವನು ಕೆಮಿಕಲ್ ಮ್ಯಾನಿಪ್ಯುಲೇಶನ್ ಎಂಬ ಪುಸ್ತಕ ಬರೆದ. ಆರುನೂರಕ್ಕೂ ಹೆಚ್ಚು ಪುಟ. ಅದರಲ್ಲಿರುವುದು ದೊಡ್ಡ ಸಿದ್ಧಾಂತ ಅಲ್ಲ, ಕೈಕೆಲಸ. ತಕ್ಕಡಿ ಹೇಗೆ ಬಳಸಬೇಕು, ಕುಲುಮೆ ಹೇಗೆ ಉರಿಸಬೇಕು, ಸೋಸುವುದು, ಬಟ್ಟಿ ಇಳಿಸುವುದು, ಹರಳುಗಟ್ಟಿಸುವುದು ಹೇಗೆ, ಗಾಜಿನ ಕೊಳವೆ ಬಗ್ಗಿಸುವುದು ಹೇಗೆ, ಸಂದುಗಳಿಗೆ ಮೆತ್ತುವುದು ಏನು. ದುಬಾರಿ ಉಪಕರಣ ಕೊಳ್ಳಲಾಗದವರು ಬರೀ ಗಾಜಿನ ಕೊಳವೆಗಳಲ್ಲಿ ಎಷ್ಟೆಲ್ಲ ಪ್ರಯೋಗ ಮಾಡಬಹುದು ಅನ್ನೋದಕ್ಕೇ ಒಂದು ಭಾಗ ಮೀಸಲು.

ಕಸುಬಿನ ಗುಟ್ಟು ಯಜಮಾನನ ಮರ್ಜಿಯ ಮೇಲೆ ಸಿಗುವ ವಸ್ತುವಾಗಿತ್ತು. ಫ್ಯಾರಡೆ ಅದನ್ನು ಬರೆದು ಬಯಲಿಗಿಟ್ಟ. ನನ್ನ ಪ್ರಕಾರ ಇದು ಅವನ ಜೀವನದ ಅತ್ಯಂತ ರಾಜಕೀಯ ಕೆಲಸ, ಹಾಗಂತ ಅವನು ಯಾವತ್ತೂ ಕರೆಯದಿದ್ದರೂ. ಅದೇ ವರ್ಷದಿಂದ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನೂ ಶುರು ಮಾಡಿದ. 1860ರವರೆಗೆ 19 ಸಲ ಕೊಟ್ಟ. ಒಂದು ಮೇಣದಬತ್ತಿ ಹಿಡಿದು ಇಡೀ ರಸಾಯನಶಾಸ್ತ್ರ ಹೇಳಿದ ಆ ಉಪನ್ಯಾಸಗಳು ಇಂದಿಗೂ ಪುಸ್ತಕವಾಗಿ ಸಿಗುತ್ತವೆ.

ಹಾಗಂತ ಅವನನ್ನು ದೇವರು ಮಾಡೋದು ಬೇಡ. 1827ರ ಹೊತ್ತಿಗೆ ಅವನ ಕುಲುಮೆ ನೋಡಿಕೊಳ್ಳಲು ಚಾರ್ಲ್ಸ್ ಆಂಡರ್ಸನ್ ಎಂಬ ಮಾಜಿ ಸೈನಿಕ ಬಂದ. ಮನೆಗೆ ಹೋಗು ಅಂತ ಹೇಳಲು ಫ್ಯಾರಡೆ ಮರೆತ ಒಂದು ರಾತ್ರಿ, ಆಂಡರ್ಸನ್ ಬೆಳಗಿನವರೆಗೂ ಬೆಂಕಿ ಉರಿಸುತ್ತಲೇ ಇದ್ದ ಅನ್ನೋ ಕಥೆ ಪ್ರಸಿದ್ಧ. ಜನ ಇದನ್ನು ನಿಷ್ಠೆಯ ಕಥೆ ಅಂತ ನಗುತ್ತಾ ಹೇಳ್ತಾರೆ. ಓವರ್‌ಟೈಮ್ ಮಾಡಿದವರಿಗೆ ನಗು ಬರಲ್ಲ. ಸುಮಾರು ನಲವತ್ತು ವರ್ಷ ಆಂಡರ್ಸನ್ ಸಹಾಯಕನಾಗಿಯೇ ಉಳಿದ. ಫ್ಯಾರಡೆ ತನ್ನ ಪ್ರಬಂಧವೊಂದರ ಅಡಿಟಿಪ್ಪಣಿಯಲ್ಲಿ ಅವನ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದ, ಅದು ಆ ಕಾಲಕ್ಕೆ ದೊಡ್ಡದೇ. ಆದರೆ ಡೇವಿ ಫ್ಯಾರಡೆಯನ್ನು ತಯಾರು ಮಾಡಿದ ಹಾಗೆ ಫ್ಯಾರಡೆ ಯಾರನ್ನೂ ತಯಾರು ಮಾಡಲಿಲ್ಲ. ತಾನು ಹತ್ತಿ ಬಂದ ಏಣಿಯ ಚಿತ್ರವನ್ನು ಪುಸ್ತಕದಲ್ಲಿ ಬರೆದ, ಮನೆಯೊಳಗೆ ಇನ್ನೊಬ್ಬರಿಗೆ ಏಣಿ ಇಡಲಿಲ್ಲ.

ಗಣಿಯ ದೂಳು

1844ರ ಸೆಪ್ಟೆಂಬರಿನಲ್ಲಿ ಡರ್ಹಮ್ ಪ್ರಾಂತ್ಯದ ಹ್ಯಾಸ್‌ವೆಲ್ ಕಲ್ಲಿದ್ದಲು ಗಣಿ ಸ್ಫೋಟಗೊಂಡು 95 ಗಂಡಸರು, ಹುಡುಗರು ಸತ್ತರು. ಕಾರ್ಮಿಕರ ಪರ ವಕೀಲರು ಒತ್ತಾಯಿಸಿದ ಮೇಲೆ ಸರ್ಕಾರ ಫ್ಯಾರಡೆಯನ್ನೂ ಭೂವಿಜ್ಞಾನಿ ಚಾರ್ಲ್ಸ್ ಲಯಲ್‌ನನ್ನೂ ಕಳಿಸಿತು. ಗಣಿಗಿಳಿದು ಪರೀಕ್ಷೆ ಮಾಡುವಾಗ, ತಾನು ಕೂತಿದ್ದ ಚೀಲದಲ್ಲಿ ಇರುವುದು ಮದ್ದಿನಪುಡಿ ಅಂತ ಫ್ಯಾರಡೆಗೆ ಗೊತ್ತಾಯಿತು, ಪಕ್ಕದಲ್ಲೇ ದೀಪ ಉರಿಯುತ್ತಿತ್ತು. ಅಲ್ಲಿನ ಸುರಕ್ಷತೆ ಆ ಮಟ್ಟದ್ದು.

ವಿಚಾರಣೆಯಲ್ಲಿ ತೀರ್ಪು ಆಕಸ್ಮಿಕ ಸಾವು ಅಂತ ಬಂತು. ಇಬ್ಬರೂ ಅದನ್ನು ಒಪ್ಪಿದರು. ಇದು ಅವನ ಇನ್ನೊಂದು ಮಿತಿ. ಆದರೆ ಅವರು ಕೊಟ್ಟ ವರದಿ ತೀರ್ಪಿಗಿಂತ ಮುಂದೆ ಹೋಯಿತು. ಬೆಂಕಿ ಹಿಡಿದದ್ದು ಅನಿಲ ಮಾತ್ರ ಅಲ್ಲ, ಗಾಳಿಯಲ್ಲಿ ಎದ್ದ ಕಲ್ಲಿದ್ದಲಿನ ದೂಳೂ ಉರಿದು ಸ್ಫೋಟವನ್ನು ಹಿಗ್ಗಿಸಿದೆ ಅಂತ ಅದು ಹೇಳಿತು, ಗಾಳಿ ಆಡಿಸುವ ವ್ಯವಸ್ಥೆ ಸುಧಾರಿಸಲು ದಾರಿ ಸೂಚಿಸಿತು. ಮಾಲೀಕರು ಖರ್ಚು ಜಾಸ್ತಿ ಅಂದರು. ದೂಳಿನ ಅಪಾಯವನ್ನು ಕೈಗಾರಿಕೆ ಗಂಭೀರವಾಗಿ ತೆಗೆದುಕೊಳ್ಳಲು ದಶಕಗಳೇ ಹಿಡಿದವು. ತಿಳಿವಳಿಕೆ ಇರಲಿಲ್ಲ ಅಂತಲ್ಲ, ಇದ್ದ ತಿಳಿವಳಿಕೆಗೆ ದುಡ್ಡು ಹಾಕಲು ಯಾರೂ ತಯಾರಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಅವನ ನೆನಪು ಕೈಕೊಡುತ್ತಾ ಹೋಯಿತು. ರಾಯಲ್ ಸೊಸೈಟಿಯ ಅಧ್ಯಕ್ಷಗಿರಿಯನ್ನು ಎರಡು ಸಲ ಬೇಡ ಅಂದ. ಸರ್ ಪದವಿಯನ್ನೂ ಒಲ್ಲೆ ಅಂದ. 1867ರ ಆಗಸ್ಟ್ 25ರಂದು ತೀರಿಕೊಂಡ. ಹೈಗೇಟ್ ಸ್ಮಶಾನದಲ್ಲಿ ಅವನದು ಸರಳವಾದ ಸಮಾಧಿ.

ನಮ್ಮ ಹುಡುಗರ ಪ್ರಶ್ನೆ

ನಮ್ಮ ದೇಶದಲ್ಲಿ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಅದರ ಪ್ರಕಾರ ಅಪ್ರೆಂಟಿಸ್ ಅಂದರೆ ತರಬೇತಿ ಪಡೆಯುವವನು, ಕಾರ್ಮಿಕ ಅಲ್ಲ. ಹಾಗಾಗಿ ಕಾರ್ಮಿಕ ಕಾನೂನಿನ ಸಾಮಾನ್ಯ ರಕ್ಷಣೆಗಳು ಅವನಿಗಿಲ್ಲ. ಆದರೆ ಅದೇ ಕಾಯ್ದೆ ಇನ್ನೆರಡು ಮಾತನ್ನೂ ಹೇಳುತ್ತೆ. ಆರೋಗ್ಯ ಮತ್ತು ಸುರಕ್ಷತೆಯ ವಿಷಯದಲ್ಲಿ ಕಾರ್ಮಿಕನಿಗೆ ಇರುವ ನಿಯಮಗಳೇ ಅಪ್ರೆಂಟಿಸ್‌ಗೂ ಅನ್ವಯ. ತರಬೇತಿಯ ವೇಳೆ ಪೆಟ್ಟಾದರೆ ಪರಿಹಾರ ಕೊಡೋದು ಮಾಲೀಕರ ಹೊಣೆ. ಸೇರುವ ಮೊದಲ ದಿನವೇ ಪ್ರತಿಯೊಬ್ಬ ಟ್ರೈನಿಗೂ ಇದು ಗೊತ್ತಿರಬೇಕು.

ಫ್ಯಾರಡೆಯ ಬದುಕಿನಿಂದ ಕಲಿಯಬೇಕಾದ್ದು ಕಷ್ಟಪಡು ಅನ್ನೋ ಉಪದೇಶವನ್ನಲ್ಲ. ನಮ್ಮ ಹುಡುಗರು ಕಷ್ಟ ಪಡ್ತಾನೇ ಇದ್ದಾರೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಒಂದು ವರ್ಷದ ಅಪ್ರೆಂಟಿಸ್‌ಗಿರಿಯಲ್ಲಿ ಪ್ಲಾಂಟಿನ ಎಷ್ಟು ವಿಭಾಗ ತೋರಿಸಿದಿರಿ? ಡ್ರಮ್ ಉರುಳಿಸಲು, ನೆಲ ತೊಳೆಯಲು ಎಷ್ಟು ತಿಂಗಳು ನಿಲ್ಲಿಸಿದಿರಿ? ಆ ವಾಲ್ವಿನಲ್ಲಿ ಏನು ಹರಿಯುತ್ತೆ, ಸೋರಿದರೆ ಯಾವ ಕಡೆ ಓಡಬೇಕು ಅಂತ ಅವರ ಭಾಷೆಯಲ್ಲಿ ಹೇಳಿದಿರಾ? ಮುಖಕ್ಕೆ ಮಾಸ್ಕ್ ಕೊಟ್ಟಿರಾ, ಅದು ಕೆಲಸ ಮಾಡುತ್ತಾ?

ಇನ್ನೂರು ವರ್ಷದ ಹಿಂದೆ ಆ ಹುಡುಗನಿಗೆ ಶುಲ್ಕ ಬಿಟ್ಟುಕೊಟ್ಟ ಯಜಮಾನ ಸಿಕ್ಕಿದ್ದ, ಶಿಲ್ಲಿಂಗ್ ಕೊಟ್ಟ ಅಣ್ಣ ಇದ್ದ, ಜಗಳದಿಂದ ಖಾಲಿಯಾದ ಕೆಲಸವೂ ಸಿಕ್ಕಿತು. ಅದೃಷ್ಟ. ಆ ಅದೃಷ್ಟ ಸಿಗದೆ ಅದೇ ಲಂಡನ್ನಿನಲ್ಲಿ ಬೈಂಡಿಂಗ್ ಮಾಡುತ್ತಲೇ ಸತ್ತ ಹುಡುಗರ ಹೆಸರು ನಮಗೆ ಗೊತ್ತಿಲ್ಲ. ಅವನಿಗೆ ಅದೃಷ್ಟದಿಂದ ಸಿಕ್ಕಿದ್ದು ನಮ್ಮ ಹುಡುಗರಿಗೆ ಹಕ್ಕಾಗಿ ಸಿಗಬೇಕು. ಕಾನೂನು, ಯೂನಿಯನ್ನು, ಸರ್ಕಾರಿ ಐಟಿಐ ಇರೋದು ಅದಕ್ಕೇ.